ಬೀಟೆಯ ಮೇಲೆ ಮಲ್ಲಿಗೆ ಬಳ್ಳಿ: ಚಿಪ್ಪು ಕೂಡಿಸಿದ ಒಂದು ಗಿಟಾರ್ ಹೆಡ್‌ಸ್ಟಾಕಿನ ಪ್ರಕರಣ ಅಧ್ಯಯನ

ಈ ಪ್ರಕರಣದ ವಸ್ತು ಉಕ್ಕಿನ ತಂತಿಯ ಒಂದು ಅಕೌಸ್ಟಿಕ್ ಗಿಟಾರಿನ ಹೆಡ್‌ಸ್ಟಾಕ್. ಕುತ್ತಿಗೆಯ ತುದಿಯಲ್ಲಿ ಆರು ಬಿರಡೆಗಳನ್ನು ಹೊತ್ತು ಹಿಂದಕ್ಕೆ ವಾಲಿರುವ ಈ ಭಾಗ ಸುಮಾರು 18 ಸೆಂಟಿಮೀಟರ್ ಉದ್ದ, ಏಳೂವರೆ ಸೆಂಟಿಮೀಟರ್ ಅಗಲವಿತ್ತು. ಗಿಟಾರನ್ನು ಬೆಂಗಳೂರಿನ ಒಬ್ಬ ಯುವಕ ಬಿಡುವಿನ ವೇಳೆಯಲ್ಲಿ ತನ್ನ ಅಕ್ಕನಿಗಾಗಿ ಕೈಯಾರೆ ಕಟ್ಟಿದ್ದ. ಕುತ್ತಿಗೆ ಮಹಾಗನಿಯದು, ಹೆಡ್‌ಸ್ಟಾಕಿನ ಮುಖಕ್ಕೆ ಎರಡೂವರೆ ಮಿಲಿಮೀಟರ್ ದಪ್ಪದ ಬೀಟೆಯ ತೆಳುಹಲಗೆಯನ್ನು ಅಂಟಿಸಿ, ಅದರಲ್ಲಿ ಒಂದು ಮಲ್ಲಿಗೆ ಬಳ್ಳಿಯನ್ನು ಚಿಪ್ಪಿನಿಂದ ಕೂಡಿಸಲಾಗಿತ್ತು. ಮೂರು ಹೂಗಳು ಬಿಳಿಯ ಮುತ್ತಿನ ಚಿಪ್ಪಿನವು, ಏಳು ಎಲೆಗಳು ನ್ಯೂಜಿಲೆಂಡಿನ ಸಮುದ್ರದಲ್ಲಷ್ಟೇ ಸಿಗುವ ಪಾವಾ ಎಂಬ ನೀಲಿ-ಹಸಿರು ಅಬಲೋನ್ (ಒಂದು ಬಗೆಯ ಕಡಲ ಬಸವನಹುಳು) ಚಿಪ್ಪಿನವು. ತುಂಡುಗಳನ್ನು ಕೊರೆದು, ಗುಳಿಗಳಲ್ಲಿ ಕೂರಿಸಿ, ಕರಿಮರದ ಪುಡಿ ಬೆರೆಸಿದ ಎಪಾಕ್ಸಿ ಅಂಟಿನಿಂದ ಸಂದು ತುಂಬುವವರೆಗಿನ ಕೆಲಸವನ್ನು ಆತನೇ ಮುಗಿಸಿದ್ದ. ಗಿಟಾರಿನ ಒಡಲಿಗೆ ಫ್ರೆಂಚ್ ಪಾಲಿಶ್, ಅಂದರೆ ಸ್ಪಿರಿಟಿನಲ್ಲಿ ಕರಗಿಸಿದ ಅರಗನ್ನು ಬಟ್ಟೆಯ ಉಂಡೆಯಿಂದ ಹಚ್ಚುವ ಲೇಪನ, ಆಗಲೇ ಆಗಿತ್ತು. ಚಿಪ್ಪನ್ನು ಮರದ ಮಟ್ಟಕ್ಕೆ ತಂದು, ಹೂವಿನ ದಳಗಳನ್ನು ಗೀರಿ, ಒಡಲಿಗೆ ಹೊಂದುವ ಹೊಳಪನ್ನು ಹೆಡ್‌ಸ್ಟಾಕಿಗೂ ಕೊಡುವ ಹೊಣೆ ನನ್ನ ಪಾಲಿಗೆ ಬಂತು.

ಕೆಲಸದ ಮೇಲೆ ಎರಡು ನಿರ್ಬಂಧಗಳಿದ್ದವು. ಕುತ್ತಿಗೆ ನನ್ನ ಕೈಸೇರಿದ್ದು ಮುಂಗಾರು ಹಿಡಿದ ಮೇಲೆ, ಗಾಳಿಯಲ್ಲಿ ತೇವ ತುಂಬಿದ್ದಾಗ. ಗಿಟಾರಿನ ಒಡತಿ ಓದಿಗಾಗಿ ಜರ್ಮನಿಗೆ ಹೊರಟಿದ್ದಳು. ಅಂದರೆ ಬೆಂಗಳೂರಿನ ಮಳೆಗಾಲದ ಶೇಕಡ 80 ಮೀರುವ ಆರ್ದ್ರತೆಯಲ್ಲಿ ಲೇಪನಗೊಂಡ ಮರ, ಕೆಲವೇ ತಿಂಗಳಲ್ಲಿ ಹೀಟರ್ ಉರಿಯುವ ಚಳಿಗಾಲದ ಕೋಣೆಯ ಶೇಕಡ 30ರ ಒಣಹವೆಯಲ್ಲಿ ಬಾಳಬೇಕಿತ್ತು. ನಾನು ಮಾಡಿದ ಹೆಚ್ಚಿನ ತೀರ್ಮಾನಗಳಿಗೆ ಕಾರಣ ಈ ಎರಡು ಸಂಗತಿಗಳು ಮತ್ತು ಮುಂದೆ ವಿವರಿಸುವ ಮೂರನೆಯ ಒಂದು ಸಂಗತಿ.

ಮೂರು ವಸ್ತುಗಳ ಒಂದು ಮೈ

ಚಿಪ್ಪು ಕೂಡಿಸಿದ ಹೆಡ್‌ಸ್ಟಾಕಿನ ಮುಖ ಕಣ್ಣಿಗೆ ಒಂದೇ ಮೈಯಾಗಿ ಕಂಡರೂ ಅದರಲ್ಲಿ ಪರಸ್ಪರ ಹೊಂದದ ಮೂರು ವಸ್ತುಗಳಿವೆ. ಮುತ್ತಿನ ಚಿಪ್ಪಿನ ಶೇಕಡ 95ರಷ್ಟು ಭಾಗ ಅರಗೊನೈಟ್ ರೂಪದ ಕ್ಯಾಲ್ಸಿಯಂ ಕಾರ್ಬೊನೇಟ್; ಉಳಿದದ್ದು ಆ ಖನಿಜದ ಬಿಲ್ಲೆಗಳನ್ನು ಕಟ್ಟಿ ಹಿಡಿದಿರುವ ಜೈವಿಕ ಅಂಟು. ಈ ಬಿಲ್ಲೆಗಳು ಒಂದೊಂದೂ ಸುಮಾರು ಅರ್ಧ ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪ, ಅಂದರೆ ಬೆಳಕಿನ ಅಲೆಯುದ್ದದ ಆಸುಪಾಸು. ಪದರ ಪದರಗಳಿಂದ ಮರಳುವ ಬೆಳಕಿನ ಅಲೆಗಳು ಒಂದರೊಡನೊಂದು ಕೂಡಿ ಕಳೆದು ಆ ಬಣ್ಣಗಳು ಹುಟ್ಟುತ್ತವೆ. ಚಿಪ್ಪಿನ ಮಿನುಗಿನಲ್ಲಿ ಬಣ್ಣದ ದ್ರವ್ಯದ ಪಾತ್ರ ಕಡಿಮೆ. ಆದ್ದರಿಂದಲೇ ಮೇಲ್ಮೈಯ ಒರಟು ಗೀರು ಚಿಪ್ಪನ್ನು ಮಂಕಾಗಿಸುತ್ತದೆ, ಉಜ್ಜಿದಷ್ಟೂ ಪಾವಾದ ಚಿತ್ತಾರ ಬದಲಾಗುತ್ತದೆ, ಮತ್ತು ಹುಳಿ ಯಾವುದೇ ರೂಪದಲ್ಲಿ ತಾಗಿದರೂ ಅದು ಕರಗುತ್ತದೆ. ನೀರಿನ ಆವಿಗೆ ಮಾತ್ರ ಅದು ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ.

ಬೀಟೆ ಇದಕ್ಕೆ ವಿರುದ್ಧ ಸ್ವಭಾವದ್ದು. ನಮ್ಮ ಪಶ್ಚಿಮ ಘಟ್ಟದ ಈ ಮರ, ಬ್ರೆಜಿಲ್‌ನ ಬೀಟೆ ಸಿಗುವುದು ಕಷ್ಟವಾದಾಗ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ಬೀಟೆಗೆ ಹೊರಳಿದ ಬಳಿಕ ಜಗತ್ತಿನ ಗಿಟಾರುಗಳ ಬೆನ್ನು-ಪಕ್ಕೆಗಳ ಮುಖ್ಯ ಮರಗಳಲ್ಲಿ ಒಂದಾಯಿತು. ಅದು ಹೆಸರಾದದ್ದು ಸ್ಥಿರತೆಗಾಗಿ: ಹಸಿಯಿಂದ ಪೂರ್ತಿ ಒಣಗುವವರೆಗೆ ಅರೀಯ (ತಿರುಳಿನಿಂದ ತೊಗಟೆಯತ್ತ ಹೋಗುವ) ದಿಕ್ಕಿನಲ್ಲಿ ಶೇಕಡ 2.7ರಷ್ಟು, ವಾರ್ಷಿಕ ಉಂಗುರಗಳ ಜಾಡಿನಲ್ಲಿ ಶೇಕಡ 5.9ರಷ್ಟು ಮಾತ್ರ ಕುಗ್ಗುತ್ತದೆ. ಆದರೂ ಅದು ಮರವೇ. ಮರದ ತೇವಾಂಶ ಶೇಕಡ ಐದು ಅಂಶಗಳಷ್ಟು ಇಳಿದರೆ ಏಳೂವರೆ ಸೆಂಟಿಮೀಟರ್ ಅಗಲದ ಹಲಗೆ, ಅಂಟಿನ ಹಿಡಿತವಿಲ್ಲದಿದ್ದರೆ, ಸುಮಾರು ಮೂರನೇ ಒಂದು ಮಿಲಿಮೀಟರಿನಷ್ಟು ಕಿರಿದಾಗಬಲ್ಲದು. ಅದರ ಮೈಯಲ್ಲಿ ತೆರೆದ ರಂಧ್ರಗಳಿವೆ. ಸ್ಪಿರಿಟ್ ಸೋಕಿದೊಡನೆ ಬಿಟ್ಟುಕೊಡುವ ಕೆಂಪು-ನೇರಳೆ ರಾಳವಿದೆ. ಮೂರನೆಯ ವಸ್ತುವಾದ ಎಪಾಕ್ಸಿ ಗಟ್ಟಿಯಾಗುವಾಗಲೂ ಆಮೇಲೆಯೂ ಸ್ವಲ್ಪ ಸ್ವಲ್ಪ ಕುಗ್ಗುತ್ತದೆ, ಒಳಗೆ ಗಾಳಿಗುಳ್ಳೆ ಇದ್ದರೆ ಉಜ್ಜುವಾಗ ಸೂಜಿಮೊನೆಯಂಥ ತೂತುಗಳಾಗಿ ತೆರೆದುಕೊಳ್ಳುತ್ತದೆ.

ಮೈಸೂರಿನ ಬೀಟೆ ಇನ್‌ಲೇ ಕೆಲಸವನ್ನು ಬಲ್ಲವರಿಗೆ ಈ ಸಮಸ್ಯೆ ಹೊಸದೆನಿಸದು. ಅರಮನೆಯ ಅಂಬಾವಿಲಾಸದ ಬೀಟೆಯ ಬಾಗಿಲಿನಲ್ಲಿ ದಂತ ಕೂಡಿಸಿದ್ದಾರೆ. ಇಂದಿನ ಕುಶಲಕರ್ಮಿಗಳು ದಂತದ ಬದಲು ಬೇರೆ ಬೇರೆ ಬಣ್ಣದ ಮರಗಳನ್ನೇ ಕೂಡಿಸುತ್ತಾರೆ. ಆದರೆ ದಂತವೂ ಮರವೂ ತೇವಕ್ಕೆ ತಕ್ಕಂತೆ ಒಂದಿಷ್ಟು ಉಸಿರಾಡುವ ವಸ್ತುಗಳು. ಚಿಪ್ಪು ಹಾಗಲ್ಲವಾದ್ದರಿಂದ ಸುತ್ತಲಿನ ಮರದ ಚಲನೆಯೆಲ್ಲ ಅದರ ಅಂಚಿನಲ್ಲೇ ಬಂದು ನಿಲ್ಲುತ್ತದೆ.

ಅಳತೆ

ಯಾವುದೇ ಮರಳುಕಾಗದ ಹಿಡಿಯುವ ಮೊದಲು ಹೆಡ್‌ಸ್ಟಾಕನ್ನು ಮೇಜಿಗೆ ಬಿಗಿದು, ಡಯಲ್ ಗೇಜಿನಿಂದ ಒಂದೊಂದು ತುಂಡಿನ ಮೂಲೆ ಮೂಲೆಯ ಎತ್ತರವನ್ನು ಬೀಟೆಯ ಮಟ್ಟಕ್ಕೆ ಹೋಲಿಸಿ ಬರೆದುಕೊಂಡೆ. ಈ ಹಂತವನ್ನು ಬಿಟ್ಟು ನೇರವಾಗಿ ಉಜ್ಜಲು ತೊಡಗುವುದು ಬಹುಮಂದಿಯ ರೂಢಿ. ಚಿಪ್ಪಿನ ದಪ್ಪ ಮರಳಿ ಬಾರದ ಬಂಡವಾಳ. ಎಷ್ಟು ಇದೆ, ಎಲ್ಲಿ ಎಷ್ಟು ಖರ್ಚಾಗಲಿದೆ ಎಂಬ ಲೆಕ್ಕವಿಲ್ಲದೆ ಅದಕ್ಕೆ ಕೈ ಹಾಕಬಾರದು ಎಂಬುದು ನನ್ನ ಖಚಿತ ನಿಲುವು.

ಹೂಗಳ ಮಟ್ಟಿಗೆ ಲೆಕ್ಕ ಸುಲಭವಾಗಿತ್ತು. ಯುವಕ ಜೋಪಾನವಾಗಿರಿಸಿದ್ದ ಉಳಿಕೆ ತುಂಡಿನ ಪ್ರಕಾರ ಬಿಳಿ ಚಿಪ್ಪು 1.3 ಮಿಲಿಮೀಟರ್ ದಪ್ಪ. ಹೂಗಳು ಮರದಿಂದ 0.3ರಿಂದ 0.4 ಮಿಲಿಮೀಟರ್ ಮೇಲೆ ನಿಂತಿದ್ದವು. ಅವನ್ನು ಮರದ ಮಟ್ಟಕ್ಕೆ ತಂದರೂ 0.9ರಷ್ಟು ದಪ್ಪ ಉಳಿಯುತ್ತದೆ. ಬಿಳಿ ಚಿಪ್ಪು ಅರ್ಧ ಮಿಲಿಮೀಟರಿಗಿಂತ ತೆಳುವಾದರೆ ಅಡಿಯ ಕಪ್ಪು ಅಂಟಿನ ನೆರಳು ಮೇಲಕ್ಕೆ ಹಾಯ್ದು ಹೂವಿಗೆ ಬೂದು ಬಣ್ಣ ಬರತೊಡಗುತ್ತದೆ. ಅಲ್ಲಿಗೆ ಹೋಗುವ ಅಗತ್ಯವೇ ಇರಲಿಲ್ಲ.

ಎಲೆಗಳ ಕತೆ ಬೇರೆ. ಐದು ಎಲೆಗಳು ಮರದಿಂದ 0.1ರಿಂದ 0.2 ಮಿಲಿಮೀಟರ್ ಮೇಲಿದ್ದವು. ಒಂದು ಎಲೆ ಪೂರ್ತಿಯಾಗಿ 0.1 ಮಿಲಿಮೀಟರ್ ಕೆಳಗೆ ಕುಳಿತಿತ್ತು. ಇನ್ನೊಂದರ ತೊಟ್ಟು ಮಟ್ಟಸವಾಗಿದ್ದರೂ ತುದಿ 0.18ರಷ್ಟು ಇಳಿದಿತ್ತು. ಎಲ್ಲವನ್ನೂ ಅತಿ ತಗ್ಗಿನ ತುದಿಯ ಮಟ್ಟಕ್ಕೆ ಉಜ್ಜುವುದು ಇಂಥ ಸಂದರ್ಭದ ಸಾಮಾನ್ಯ ಪರಿಹಾರ. ಬೀಟೆಯ ಹಲಗೆ ಆ ನಷ್ಟವನ್ನು ತಾಳಿಕೊಳ್ಳುತ್ತಿತ್ತು, ಹೂಗಳೂ ತಾಳಿಕೊಳ್ಳುತ್ತಿದ್ದವು. ಆದರೆ ಉಳಿಕೆಯ ಪಾವಾ ತುಂಡನ್ನು ಭೂತಗನ್ನಡಿಯಡಿ ಅಡ್ಡಲಾಗಿ ಹಿಡಿದು ನೋಡಿದಾಗ ಅಂಚಿನಲ್ಲಿ ಒಂದಕ್ಕೊಂದು ಸಮಾನಾಂತರವಾದ ಕೂದಲೆಳೆಯ ಗೆರೆಗಳು ಕಂಡವು. ಅದು ಇಡೀ ಚಿಪ್ಪಿನ ತುಂಡಾಗಿರಲಿಲ್ಲ. ತೆಳುವಾಗಿ ಸೀಳಿದ ಅಬಲೋನ್ ಪದರಗಳನ್ನು ಒಂದರ ಮೇಲೊಂದು ಅಂಟಿಸಿ ಮಾಡಿದ ಹಾಳೆ. ಇದೇ ಈ ಪ್ರಕರಣದ ಮೂರನೆಯ ಸಂಗತಿ.

ಪದರದ ಹಾಳೆಯನ್ನು ಕೀಳೆಂದು ಹೇಳುವಂತಿಲ್ಲ. ಅಬಲೋನ್ ಚಿಪ್ಪು ಬಾಗಿದ್ದು, ಅದರಿಂದ ಚಪ್ಪಟೆಯಾದ ದೊಡ್ಡ ತುಂಡು ಸಿಗುವುದು ಕಷ್ಟ. ಪದರದ ಹಾಳೆ ಆ ತೊಡಕನ್ನು ನೀಗಿಸಿ, ಬಾಗಿದ ಚಿಪ್ಪಿನ ಅತಿ ಸುಂದರ ಭಾಗವನ್ನು ಅಗಲವಾಗಿ ಬಳಸಲು ಅವಕಾಶ ಕೊಟ್ಟಿದೆ. ಆದರೆ ಅದರ ಒಂದೊಂದು ಪದರ 0.15ರಿಂದ 0.2 ಮಿಲಿಮೀಟರ್ ಮಾತ್ರ. ತುಂಡು ಕೊಂಚವೇ ವಾಲಿ ಕುಳಿತಿದ್ದರೂ ಉಜ್ಜುವಿಕೆ ಒಂದು ಪದರವನ್ನು ಓರೆಯಾಗಿ ದಾಟಿ, ಅಂಟಿನ ಗೆರೆಯೊಂದು ನಕ್ಷೆಯ ಸಮೋನ್ನತಿ ರೇಖೆಯಂತೆ ಎಲೆಯ ಮೇಲೆ ಮೂಡುತ್ತದೆ. ಮರದ ಮಟ್ಟಕ್ಕೆ ಇಳಿಸುವುದರಲ್ಲೇ ಐದು ಎಲೆಗಳ ಮೊದಲ ಪದರ ಬಹುಪಾಲು ಮುಗಿಯುವಂತಿತ್ತು. ಅಲ್ಲಿಂದ ಇನ್ನೂ 0.18 ಇಳಿದರೆ ಎಲ್ಲ ಎಲೆಗಳಲ್ಲೂ ಗೆರೆಗಳು ಮೂಡುವುದು ನಿಶ್ಚಿತ.

ತಗ್ಗಿನ ಎರಡು ಎಲೆಗಳನ್ನು ಎಬ್ಬಿಸಿ, ಅಡಿಗೆ ತೆಳುಪಟ್ಟಿ ಕೊಟ್ಟು ಮತ್ತೆ ಕೂರಿಸುವುದು ಎರಡನೆಯ ದಾರಿ. ಎಪಾಕ್ಸಿ ಶಾಖಕ್ಕೆ ಮೆದುವಾಗುತ್ತದೆ. ಕಾಯಿಸಿದ ಬೆಸುಗೆ ಕಡ್ಡಿಯನ್ನು ತುಸು ಹೊತ್ತು ಚಿಪ್ಪಿನ ಮೇಲಿಟ್ಟರೆ ಗಟ್ಟಿ ಚಿಪ್ಪಿನ ತುಂಡನ್ನು ಎಬ್ಬಿಸಬಹುದು. ಪದರದ ಹಾಳೆಯಲ್ಲಿ ಆ ಶಾಖ ಅಡಿಯ ಅಂಟನ್ನು ಮುಟ್ಟುವ ಮೊದಲೇ ಪದರಗಳ ನಡುವಿನ ಅಂಟನ್ನು ಸಡಿಲಿಸುತ್ತದೆ. ಎಲೆಯನ್ನು ಸಣ್ಣ ರೌಟರ್ ಬಿಟ್ಟಿನಿಂದ ಪೂರ್ತಿ ಕೊರೆದು ತೆಗೆದು ಹೊಸದನ್ನು ಕೂರಿಸುವುದು ಮೂರನೆಯ ದಾರಿ. ಹಾಗೆ ಮಾಡಿದರೆ ಗುಳಿಯ ಅಂಚಿನಲ್ಲಿ ಬೀಟೆ ಸಿಡಿದು, ಈಗಿರುವುದಕ್ಕಿಂತ ಅಗಲವಾದ ಕಪ್ಪು ಸಂದು ಉಳಿಯುವ ಸಂಭವವಿತ್ತು. ಯುವಕ ಕೊರೆದಿದ್ದ ಗುಳಿಗಳ ಅಂಚು ಬಹಳ ಚೊಕ್ಕವಾಗಿತ್ತು. ಆ ಚೊಕ್ಕತನವನ್ನು ಬಲಿಕೊಡಲು ನನಗೆ ಮನಸ್ಸಾಗಲಿಲ್ಲ.

ಕೊನೆಗೆ ಆಯ್ದದ್ದು, ತಗ್ಗಿದ ಎಲೆಗಳ ಮೇಲೆ ನಿಧಾನವಾಗಿ ಗಟ್ಟಿಯಾಗುವ ಬಣ್ಣರಹಿತ ಎಪಾಕ್ಸಿಯನ್ನು ಹನಿಸಿ ಮಟ್ಟ ಮಾಡುವ ವಿಧಾನ. ಇದು ಕಣ್ಕಟ್ಟಲ್ಲವೇ ಎಂದು ಯುವಕ ಕೇಳಿದ, ಪ್ರಶ್ನೆ ನ್ಯಾಯವಾದದ್ದೇ. ಬೆಳಕನ್ನು ಎಷ್ಟು ಬಾಗಿಸುತ್ತದೆಂಬುದರ ಅಳತೆಯಾದ ವಕ್ರೀಭವನ ಸೂಚ್ಯಂಕ ಎಪಾಕ್ಸಿಯಲ್ಲಿ ಸುಮಾರು 1.55, ಅರಗಿನದು ಸುಮಾರು 1.52. ಇಷ್ಟು ಹತ್ತಿರದ ಎರಡು ಪಾರದರ್ಶಕ ವಸ್ತುಗಳು ಸೇರುವಲ್ಲಿ ಬೆಳಕು ತಿರುಗುವುದೂ ಪ್ರತಿಫಲಿಸುವುದೂ ತೀರಾ ಅಲ್ಪ; ಹಾಗಾಗಿ 0.18 ಮಿಲಿಮೀಟರ್ ಆಳದ ಆ ಪಾರದರ್ಶಕ ಪದರ ಕಣ್ಣಿಗೆ ಬೀಳದು. ವರ್ಷಗಳ ಮೇಲೆ ಬೆಳಕಿಗೆ ಎಪಾಕ್ಸಿ ಹಳದಿ ತಿರುಗುವುದುಂಟು, ಆದರೆ ಇಷ್ಟು ತೆಳುವಿನಲ್ಲಿ, ಅದೂ ನೀಲಿ-ಹಸಿರು ಪಾವಾದ ಮೇಲೆ, ಆ ಬದಲಾವಣೆ ಗೋಚರವಾಗುವಷ್ಟು ಇರುವುದಿಲ್ಲ. ಬಿಳಿ ಹೂವಿನ ಮೇಲಾಗಿದ್ದರೆ ನಾನು ಈ ದಾರಿಯನ್ನು ಆಯ್ದುಕೊಳ್ಳುತ್ತಿರಲಿಲ್ಲ.

ಉಜ್ಜುವುದು, ಗೀರುವುದು

ಚಿಪ್ಪನ್ನು ಉಜ್ಜುವ ಮೊದಲು ದೂಳಿನ ವಿಚಾರ ಹೇಳಬೇಕು. ಚಿಪ್ಪಿನ ಸಣ್ಣ ದೂಳು ಶ್ವಾಸಕೋಶವನ್ನು ಕೆರಳಿಸುತ್ತದೆ. ಬೀಟೆಯ ದೂಳಿಗೆ ಚರ್ಮದಲ್ಲೂ ಉಸಿರಿನಲ್ಲೂ ಅಲರ್ಜಿ ಹುಟ್ಟಿಸುವ ಗುಣವಿದೆ, ಮತ್ತು ಒಮ್ಮೆ ಹುಟ್ಟಿದ ಅಲರ್ಜಿ ಸಾಮಾನ್ಯವಾಗಿ ಬಿಟ್ಟುಹೋಗುವುದಿಲ್ಲ. ಮುಖಕ್ಕೆ ಬಿಗಿಯಾಗಿ ಕೂರುವ ಫಿಲ್ಟರಿನ ಮಾಸ್ಕ್, ಉಜ್ಜುವ ಜಾಗದ ಪಕ್ಕದಲ್ಲೇ ಹೀರುವ ವ್ಯಾಕ್ಯೂಮ್ ಕೊಳವೆ ಇಲ್ಲದೆ ಈ ಕೆಲಸ ಮಾಡಬಾರದು. ಬಟ್ಟೆಯ ಮಾಸ್ಕ್ ಸಾಲದು. ಚಿಪ್ಪನ್ನು ಮಾತ್ರ ಕೊರೆಯುವಾಗ ನೀರು ಹಾಕಿ ದೂಳನ್ನು ಅಡಗಿಸಬಹುದು. ಮರದಲ್ಲಿ ಕೂಡಿಸಿದ ಮೇಲೆ ನೀರು ಬಳಸಿದರೆ ಬೀಟೆಯ ನಾರು ಎದ್ದು ನಿಲ್ಲುತ್ತದೆ.

ಬೆರಳಿನಡಿ ಕಾಗದ ಹಿಡಿದು ಉಜ್ಜಿದರೆ ಮೆದುವಾದ ಮರ ಬೇಗ ಸವೆದು ಗಟ್ಟಿಯಾದ ಚಿಪ್ಪು ದಿಬ್ಬವಾಗಿ ಉಳಿಯುತ್ತದೆ. ಆ ದಿಬ್ಬ ಉಜ್ಜುವಾಗ ಕಾಣದೆ, ಹೊಳಪು ಬಂದ ಮೇಲೆ ಕಿಟಕಿಯ ಪ್ರತಿಬಿಂಬ ಅಲ್ಲಿ ಬಾಗಿದಾಗ ಬಯಲಾಗುತ್ತದೆ. ಆದ್ದರಿಂದ ದಪ್ಪ ಗಾಜಿನ ಪಟ್ಟಿಯೊಂದಕ್ಕೆ ಎರಡು ಬದಿಯ ಟೇಪಿನಿಂದ ಕಾಗದ ಅಂಟಿಸಿ, ಮರದ ಎಳೆಯ ಗುಂಟವೇ ಉಜ್ಜಿದೆ. 180ನೇ ನಂಬರಿನಿಂದ ಶುರುಮಾಡಿ 240, 320, 400, 600ರವರೆಗೆ ಹೋದೆ. ಇನ್ನೂ ಒರಟಾದ ಕಾಗದದಿಂದ ಹೂಗಳನ್ನು ಬೇಗ ಇಳಿಸಬಹುದಿತ್ತು. ಆದರೆ ಆ ಗೀರುಗಳು ಚಿಪ್ಪಿನಲ್ಲಿ ಆಳಕ್ಕಿಳಿದು, ಅವನ್ನು ಅಳಿಸಲು ಇನ್ನಷ್ಟು ದಪ್ಪ ಕಳೆದುಕೊಳ್ಳಬೇಕಾಗುತ್ತಿತ್ತು. ಹೂಗಳನ್ನು ಮೊದಲು ಒಂಟಿಯಾಗಿ, ಸುತ್ತಲಿನ ಮರಕ್ಕೆ ತೆಳು ಉಕ್ಕಿನ ಹಾಳೆಯ ರಕ್ಷೆ ಕೊಟ್ಟು, ಸಣ್ಣ ಅರದಿಂದ ಬಹುಪಾಲು ಇಳಿಸಿದ್ದರಿಂದ ಎಲೆಗಳು ಅನಗತ್ಯವಾಗಿ ಸವೆಯಲಿಲ್ಲ. ಮುಖದ ಮೇಲೆಲ್ಲ ಪೆನ್ಸಿಲಿನಿಂದ ಗೀಚಿ, ಗೀಚು ಎಲ್ಲಿ ಉಳಿಯುತ್ತದೋ ಅಲ್ಲಿ ತಗ್ಗು ಇದೆಯೆಂದು ತಿಳಿಯುವ ಹಳೆಯ ಉಪಾಯ ಇಲ್ಲಿಯೂ ನಂಬಿಕೆಗೆ ಅರ್ಹವಾಗಿತ್ತು.

ನಾಲ್ಕು ಎಲೆಗಳು ಗೆರೆಯಿಲ್ಲದೆ ಮಟ್ಟಕ್ಕೆ ಬಂದವು. ಐದನೆಯದರಲ್ಲಿ ಅಂಟಿನ ಗೆರೆಯೊಂದು ಎಲೆಯ ಮಧ್ಯದಿಂದ ಅಂಚಿನತ್ತ ಓರೆಯಾಗಿ ಮೂಡಿತು. ಅದನ್ನು ಉಜ್ಜಿ ಕಳೆಯಲು ಯತ್ನಿಸುವುದೆಂದರೆ ಆ ಗೆರೆಯನ್ನು ಇನ್ನೊಂದೆಡೆಗೆ ಸರಿಸುವುದಷ್ಟೇ. ಅದು ಸಾಗಿದ ದಿಕ್ಕು ಎಲೆಯ ಪಕ್ಕನರಕ್ಕೆ ಒಪ್ಪುವಂತಿದ್ದುದರಿಂದ, ಎಲೆಗಳಿಗೆ ಹೇಗಿದ್ದರೂ ನರಗಳನ್ನು ಗೀರಬೇಕಿದ್ದ ಯೋಜನೆಯನ್ನೇ ತುಸು ಬದಲಿಸಿ, ಒಂದು ನರವನ್ನು ಆ ಗೆರೆಯ ಮೇಲೆಯೇ ಹಾಯಿಸಿದೆ. ಉಳಿದ ಆರು ಎಲೆಗಳಿಗೂ ಅದೇ ಓರೆಯಲ್ಲಿ ನರ ಕೊಟ್ಟಿದ್ದರಿಂದ ಅದೊಂದೇ ಎದ್ದು ಕಾಣುವುದು ತಪ್ಪಿತು.

ಗೀರುವ ಕೆಲಸವನ್ನು ಮಟ್ಟ ಮಾಡಿದ ಮೇಲೆ, ಲೇಪನಕ್ಕೆ ಮೊದಲು ಮಾಡಬೇಕು. ಮೊದಲೇ ಗೀರಿದರೆ ಉಜ್ಜುವಿಕೆ ಆ ರೇಖೆಗಳನ್ನು ತಿಂದುಹಾಕುತ್ತದೆ. ಹೂವಿನ ದಳಗಳ ರೇಖೆಗಳನ್ನು ಚೂಪಾದ ಕೈ ಉಳಿಯಿಂದ ಸುಮಾರು 0.2 ಮಿಲಿಮೀಟರ್ ಆಳಕ್ಕೆ ತೆಗೆದೆ. ಪದರದ ಎಲೆಗಳಲ್ಲಿ ಅದರ ಅರ್ಧಕ್ಕಿಂತಲೂ ಕಡಿಮೆ ಆಳದಲ್ಲಿ ನಿಲ್ಲಿಸಿದೆ. ಚಿಪ್ಪಿನ ಗೀರುಚಿತ್ರವನ್ನೇ ಒಂದು ಸ್ವತಂತ್ರ ಕಲೆಯಾಗಿ ಬೆಳೆಸಿದ ಕೆನಡಾದ ವಿಲಿಯಂ ಗ್ರಿಟ್ ಲಾಸ್ಕಿನ್ ಅವರ ಹೆಡ್‌ಸ್ಟಾಕುಗಳನ್ನು ನೋಡಿದವರಿಗೆ, ರೇಖೆಯ ದಪ್ಪ-ತೆಳುವಿನಿಂದಲೇ ಚಪ್ಪಟೆ ಚಿಪ್ಪಿಗೆ ಎಷ್ಟು ಉಬ್ಬು ತಗ್ಗುಗಳನ್ನು ಕೊಡಬಹುದೆಂಬುದು ತಿಳಿದಿರುತ್ತದೆ. ಮಲ್ಲಿಗೆಗೆ ಅಷ್ಟು ಬೇಕಿರಲಿಲ್ಲ. ದಳದ ಬುಡದಲ್ಲಿ ಎರಡು ಮೂರು ಚಿಕ್ಕ ಗೆರೆ ಸಾಕಿತ್ತು. ಗೀರುಗಳಿಗೆ ತುಂಬುವ ಕಪ್ಪನ್ನು ಅರಗಿನಲ್ಲಿ ಕಲಸಿದರೆ ಮುಂದೆ ಫ್ರೆಂಚ್ ಪಾಲಿಶಿನ ಸ್ಪಿರಿಟ್ ಅದನ್ನು ಕರಗಿಸಿ ಬಿಳಿ ದಳದ ಮೇಲೆ ಹರಡುತ್ತದೆ. ಹಾಗಾಗಿ ದೀಪದ ಮಸಿಯನ್ನು ಎಪಾಕ್ಸಿಯಲ್ಲಿ ಕಲಸಿ ತುಂಬಿ, ಗಟ್ಟಿಯಾದ ಬಳಿಕ 600ರ ಕಾಗದದಿಂದ ಮತ್ತೆ ಮಟ್ಟ ಮಾಡಿದೆ.

ಪ್ಯೂಮಿಸ್ ಬೇಡವೆಂಬ ತೀರ್ಮಾನ

ಬೀಟೆಯ ತೆರೆದ ರಂಧ್ರಗಳನ್ನು ತುಂಬದೆ ಕನ್ನಡಿಯ ಹೊಳಪು ಬರುವುದಿಲ್ಲ. ಫ್ರೆಂಚ್ ಪಾಲಿಶಿನ ಪರಂಪರೆಯಲ್ಲಿ ಇದಕ್ಕೆ ಪ್ಯೂಮಿಸ್ ಕಲ್ಲಿನ ನುಣುಪಾದ ಪುಡಿಯನ್ನು ಬಳಸುತ್ತಾರೆ: ಅರಗು ಮತ್ತು ಸ್ಪಿರಿಟಿನಲ್ಲಿ ಅದ್ದಿದ ಬಟ್ಟೆಯ ಉಂಡೆಗೆ ಪುಡಿಯನ್ನು ತಗುಲಿಸಿ ಸುತ್ತಿ ಸುತ್ತಿ ಉಜ್ಜಿದಾಗ, ಮರದಿಂದ ಸವೆದ ದೂಳೂ ಅರಗೂ ಪುಡಿಯೂ ಸೇರಿ ಮರದ್ದೇ ಬಣ್ಣದ ಮೆತ್ತೆಯಾಗಿ ರಂಧ್ರಗಳಲ್ಲಿ ಕೂರುತ್ತವೆ. ಗಿಟಾರಿನ ಬೆನ್ನಿಗೆ ಇದಕ್ಕಿಂತ ಒಳ್ಳೆಯ ವಿಧಾನ ನನಗೆ ಗೊತ್ತಿಲ್ಲ, ಯುವಕನೂ ಒಡಲಿಗೆ ಹಾಗೆಯೇ ಮಾಡಿದ್ದ. ಹೆಡ್‌ಸ್ಟಾಕಿಗೂ ಅದನ್ನೇ ಬಳಸಬೇಕೆಂಬುದು ಅವನ ಆಸೆ.

ನಾನು ಒಪ್ಪಲಿಲ್ಲ. ಪ್ಯೂಮಿಸ್ ಜ್ವಾಲಾಮುಖಿಯ ಗಾಜು. ಮೋಸ್ ಕಾಠಿಣ್ಯದ ಮಾಪನದಲ್ಲಿ ಅದು ಐದೂವರೆಯ ಆಸುಪಾಸಿನಲ್ಲಿದ್ದರೆ ಮುತ್ತಿನ ಚಿಪ್ಪು ಮೂರೂವರೆಯಿಂದ ನಾಲ್ಕರೊಳಗೆ. 600ರ ಕಾಗದದಿಂದ ನುಣುಪಾದ ಚಿಪ್ಪನ್ನು ಅದು ಎಲ್ಲ ದಿಕ್ಕಿನಲ್ಲೂ ಗೀರುತ್ತದೆ. ಅದಕ್ಕಿಂತ ದೊಡ್ಡ ಅಪಾಯವೆಂದರೆ ಬೀಟೆಯ ರಾಳ. ಸ್ಪಿರಿಟಿನಲ್ಲಿ ಕರಗಿದ ಆ ಕೆಂಪು-ನೇರಳೆ ಬಣ್ಣ ಚಿಪ್ಪಿನ ಸೂಕ್ಷ್ಮ ಗೀರುಗಳಿಗೂ ಅಂಚಿನ ಸಂದುಗಳಿಗೂ ಇಳಿದರೆ ಬಿಳಿ ಮಲ್ಲಿಗೆ ಗುಲಾಬಿ ಛಾಯೆ ತಾಳುತ್ತದೆ, ಮತ್ತೆ ಉಜ್ಜದೆ ಆ ಕಲೆ ಹೋಗುವುದಿಲ್ಲ.

ಬದಲಿಗೆ ಬಣ್ಣರಹಿತ ಎಪಾಕ್ಸಿಯಿಂದಲೇ ರಂಧ್ರಗಳನ್ನು ತುಂಬಿದೆ. ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ತೆಳುವಾಗಿ ಒತ್ತಿ ಎಳೆದು, ಗಟ್ಟಿಯಾದ ಮೇಲೆ ಮರದ ಮಟ್ಟಕ್ಕೆ ಉಜ್ಜಿ, ಮತ್ತೊಮ್ಮೆ ಅದನ್ನೇ ಪುನರಾವರ್ತಿಸಿದೆ. ತಗ್ಗಿದ ಎರಡು ಎಲೆಗಳಿಗೆ ಹನಿಸಿದ್ದೂ ಇದೇ ಎಪಾಕ್ಸಿಯಾದ್ದರಿಂದ ಎರಡು ಕೆಲಸ ಒಂದರಲ್ಲೇ ಕೂಡಿಕೊಂಡಿತು. ಹಳೆಯ ಸಂದುಗಳಲ್ಲಿ ತೆರೆದುಕೊಂಡಿದ್ದ ಸೂಜಿಮೊನೆಯ ತೂತುಗಳೂ ಮುಚ್ಚಿದವು. ಬೀಟೆಯ ರಂಧ್ರದಲ್ಲಿ ಪಾರದರ್ಶಕ ಎಪಾಕ್ಸಿ ಕಪ್ಪಾಗಿಯೇ ಕಾಣುತ್ತದೆ, ಬಣ್ಣ ಬೆರೆಸುವ ಅಗತ್ಯ ಬೀಳದು. ಎಲ್ಲಕ್ಕಿಂತ ಮುಖ್ಯವಾಗಿ, ಮರದ ರಾಳಕ್ಕೂ ಮುಂದೆ ಬರುವ ಸ್ಪಿರಿಟಿಗೂ ನಡುವೆ ಒಂದು ಬೇಲಿ ಬಿತ್ತು. ಪಾಲಿಯೆಸ್ಟರಿನಂಥ ಲೇಪನಗಳು ಬೀಟೆಯ ಮೇಲೆ ಸರಿಯಾಗಿ ಗಟ್ಟಿಯಾಗದಿರಲು ಈ ರಾಳದ ಘಟಕಗಳೇ ಕಾರಣ. ಎಪಾಕ್ಸಿಗೆ ಆ ತೊಂದರೆಯಿಲ್ಲ. ಕೊನೆಯ ಉಜ್ಜುವಿಕೆಯ ನಂತರ ಸ್ಪಿರಿಟಿನ ಬದಲು ನ್ಯಾಫ್ತಾ ಎಂಬ ಪೆಟ್ರೋಲಿಯಂ ದ್ರಾವಕದಿಂದ ಮುಖವನ್ನು ಒಮ್ಮೆ ಒರೆಸಿ ನೋಡಿದೆ. ಒದ್ದೆಯಿರುವ ಆ ಕೆಲವು ಕ್ಷಣಗಳಲ್ಲಿ ಲೇಪನದಡಿ ಚಿಪ್ಪು ಹೇಗೆ ಕಾಣುತ್ತದೆಂಬುದರ ಮುನ್ನೋಟ ಸಿಗುತ್ತದೆ, ಉಳಿದ ಗೀರುಗಳೂ ಬಯಲಾಗುತ್ತವೆ.

ಮಳೆಗಾಲದಲ್ಲಿ ಅರಗು

ಲೇಪನಕ್ಕೆ ನೈಟ್ರೊಸೆಲ್ಯುಲೋಸ್ ಲ್ಯಾಕರ್, ಎರಡು ಭಾಗದ ಪಾಲಿಯುರೆಥೇನ್, ಅರಗು ಎಂಬ ಮೂರು ಆಯ್ಕೆಗಳಿದ್ದವು. ಸಿಂಪಡಿಸುವ ಲ್ಯಾಕರ್ ಮಳೆಗಾಲದ ಗಾಳಿಯಲ್ಲಿ ಬೇಗನೆ ಬಿಳಿಚಿಕೊಳ್ಳುತ್ತದೆ. ದ್ರಾವಕ ಆವಿಯಾಗುವಾಗ ತಣಿಯುವ ಮೈಮೇಲೆ ತೇವ ಹನಿಗಟ್ಟುವುದೇ ಅದಕ್ಕೆ ಕಾರಣ. ಪಾಲಿಯುರೆಥೇನ್ ಬಲವಾದದ್ದು ನಿಜ, ಆದರೆ ಅದರ ಪದರ ದಪ್ಪ, ಮತ್ತು ಮುಂದೆ ದುರಸ್ತಿಯಾಗಬೇಕಾದರೆ ಹೊಸ ಪದರ ಹಳೆಯದರೊಳಗೆ ಕರಗಿ ಬೆರೆಯುವುದಿಲ್ಲ. ಅರಗು ತೇವಕ್ಕೂ ಶಾಖಕ್ಕೂ ಬೇಗ ಮಣಿಯುತ್ತದೆ. ಹೆಡ್‌ಸ್ಟಾಕನ್ನು ಕೈ ಮುಟ್ಟುವುದು ಶ್ರುತಿ ಮಾಡುವಾಗ ಮಾತ್ರ. ಬೆವರಿನ ತೋಳು ಒರಗುವ ಒಡಲಿನ ಅಂಚಿಗಿರುವ ಅಪಾಯ ಅಲ್ಲಿಲ್ಲ. ಕೆಟ್ಟರೆ ಒಂದಿಷ್ಟು ಸ್ಪಿರಿಟ್, ಒಂದಿಷ್ಟು ಅರಗು ಸಾಕು, ಹೊಸದು ಹಳೆಯದರಲ್ಲಿ ಒಂದಾಗುತ್ತದೆ. ಚಳಿಗಾಲದ ಒಣಹವೆಯಲ್ಲಿ ಮರ ಖಂಡಿತ ಕುಗ್ಗಲಿದೆ ಎಂದು ಗೊತ್ತಿದ್ದಾಗ ಈ ಗುಣವೇ ನಿರ್ಣಾಯಕವಾಯಿತು.

ಭಾರತದಲ್ಲಿ ಅರಗು ಹೆಚ್ಚಾಗಿ ಬರುವುದು ಜಾರ್ಖಂಡ್, ಛತ್ತೀಸಗಢದ ಕಾಡುಗಳ ಮರಗಳಲ್ಲಿ ಸಾಕುವ ಅರಗಿನ ಹುಳುವಿನಿಂದ. ಚನ್ನಪಟ್ಟಣದ ಗೊಂಬೆಗಳಿಗೆ ಚರಕಿಯ (ಮರವನ್ನು ತಿರುಗಿಸುವ ಯಂತ್ರದ) ತಿರುಗಾಟದ ಶಾಖದಿಂದಲೇ ಕರಗಿಸಿ ಹಚ್ಚುವುದೂ ಈ ಅರಗನ್ನೇ. ಅಲ್ಲಿ ದ್ರಾವಕವೇ ಇಲ್ಲದ್ದರಿಂದ ಮಳೆಗಾಲದ ಚಿಂತೆ ಕಡಿಮೆ. ಗಿಟಾರಿಗೆ ಮೇಣ ತೆಗೆದ, ತಿಳಿ ಬಣ್ಣದ ಅರಗಿನ ಚಕ್ಕೆಗಳನ್ನು ಸ್ಪಿರಿಟಿನಲ್ಲಿ ಕರಗಿಸಬೇಕು. ಬಿಳಿ ಚಿಪ್ಪಿನ ಮೇಲೆ ಕಿತ್ತಳೆ ಛಾಯೆಯ ಅರಗು ಹಚ್ಚಿದರೆ ಹೂ ಬಾಡಿದಂತೆ ಕಾಣುತ್ತದೆ. ಲೀಟರಿಗೆ ಸುಮಾರು 240 ಗ್ರಾಂ ಕರಗಿಸಿದ ದ್ರವವನ್ನು ಅಷ್ಟೇ ಸ್ಪಿರಿಟಿನಿಂದ ತೆಳುಮಾಡಿ ಬಳಸಿದೆ. ಕುತ್ತಿಗೆಯನ್ನು ಒಡಲಿಗೆ ಬೋಲ್ಟಿನಿಂದ ಜೋಡಿಸುವ ವಿನ್ಯಾಸವಿದ್ದುದು ಅದೃಷ್ಟ. ಬಿಡಿ ಕುತ್ತಿಗೆಯನ್ನು ತೇವಹೀರುವ ಯಂತ್ರವಿದ್ದ ಸಣ್ಣ ಕೋಣೆಯಲ್ಲಿ ಶೇಕಡ 50ರ ಆಸುಪಾಸಿನ ಆರ್ದ್ರತೆಯಲ್ಲಿ ಇರಿಸಿ, ಪಾಲಿಶ್ ಮಾಡುವುದನ್ನೂ ಅಲ್ಲಿಯೇ ಮಾಡಿದೆ.

ಹೆಡ್‌ಸ್ಟಾಕಿನ ಮೇಲೆ ಬಟ್ಟೆಯ ಉಂಡೆಯನ್ನು ಓಡಿಸುವುದು ಬೆನ್ನಿನ ಮೇಲೆ ಓಡಿಸಿದಷ್ಟು ಸರಾಗವಲ್ಲ. ಬಿರಡೆಗಳ ಆರು ತೂತುಗಳ ಅಂಚಿಗೆ ಉಂಡೆ ತಾಗಿದಾಗಲೆಲ್ಲ ಒಂದು ಹನಿ ಅರಗು ಹಿಂಡಿ ಹೊರಬಂದು ಅಲ್ಲಿ ಏರು ಕಟ್ಟುತ್ತದೆ. ಮೆದು ಮರದ ತುಂಡುಗಳನ್ನು ತೂತುಗಳಿಗೆ ತುಂಬಿ, ಮುಖಕ್ಕಿಂತ ಕೂದಲಷ್ಟು ತಗ್ಗಿನಲ್ಲಿ ಕತ್ತರಿಸಿದ್ದರಿಂದ ಈ ತೊಂದರೆ ಬಹುಮಟ್ಟಿಗೆ ತಪ್ಪಿತು. ಮೊದಲ ಕೆಲವು ಸವರಿಕೆಗಳಲ್ಲಿ, ಎಪಾಕ್ಸಿಯ ಬೇಲಿ ಎಲ್ಲಾದರೂ ತೆಳುವಾಗಿದ್ದರೂ ಬಣ್ಣ ಬಿಳಿಯತ್ತ ಬಾರದಂತೆ, ಉಂಡೆಯನ್ನು ಸದಾ ಹೂವಿನಿಂದ ಮರದತ್ತ ಎಳೆದೆ. ಆ ಬಳಿಕವೇ ವೃತ್ತಗಳೂ ಎಂಟರಾಕೃತಿಗಳೂ. ಜಾರಿಕೆಗೆ ಒಂದೆರಡು ತೊಟ್ಟು ಎಣ್ಣೆ, ಕೊನೆಗೆ ಆ ಎಣ್ಣೆಯನ್ನು ತೆಗೆಯಲು ಬರೀ ಸ್ಪಿರಿಟ್ ಸೋಕಿಸಿದ ಉಂಡೆ. ಪದರ ಗಟ್ಟಿಯಾಗಲು ವಾರಗಟ್ಟಲೆ ಬಿಟ್ಟು, ಅನಂತರವೇ 1500 ಮತ್ತು 2000ದ ಕಾಗದದಿಂದ ಸಮಮಾಡಿ ಹೊಳಪೇರಿಸಿದೆ. ಬೇಗ ಮಾಡಿದ್ದರೆ ಅರಗು ಮುಂದೆ ಕುಗ್ಗಿ ರಂಧ್ರಗಳ ಗುರುತು ಮರಳಿ ಮೂಡುತ್ತಿತ್ತು.

ಬಿರಡೆ ಕೂರಿಸುವಾಗ ತೂತಿನೊಳಗೆ ಸೇರಿದ ಅರಗನ್ನು ಡ್ರಿಲ್ಲಿನಿಂದ ತೆಗೆಯಬಾರದು; ಮುಖದ ಪದರ ಚಕ್ಕೆಯಾಗಿ ಎದ್ದುಬರುತ್ತದೆ. ತೂತಿನ ಅಂಚನ್ನು ಚೂಪಾದ ಚಾಕುವಿನಿಂದ ಒಮ್ಮೆ ಸುತ್ತ ಗೀರಿ, ತೂತನ್ನು ಹೆರೆದು ಸರಿಪಡಿಸುವ ಮೊನಚಾದ ರೀಮರನ್ನು ಮುಖದ ಕಡೆಯಿಂದ ಕೈಯಲ್ಲೇ ತಿರುಗಿಸಿದೆ. ಬಿರಡೆಯ ಮುಂಭಾಗದ ನಟ್ಟನ್ನು ಕೈಬಿಗಿಗಿಂತ ತುಸುವೇ ಹೆಚ್ಚು ಬಿಗಿದು, ವಾಷರಿನಡಿ ಸ್ವಲ್ಪ ಮೇಣ ಸವರಿದೆ. ಎಳೆಯ ಅರಗಿನ ಮೇಲೆ ಬಿಗಿದ ಲೋಹ ಅಂಟಿಕೊಂಡು ಅಚ್ಚೊತ್ತುವುದುಂಟು.

ಜರ್ಮನಿಯ ಚಳಿಗಾಲ

ಕಾಗದಪತ್ರದ ವಿಷಯದಲ್ಲಿ ಒಂದು ಮಾತು. 2017ರ ಜನವರಿ 2ರಿಂದ ಬೀಟೆಯ ಇಡೀ ಕುಲ, ಅಳಿವಿನ ಭೀತಿಯ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿ, ಗಿಟಾರುಗಳ ಗಡಿದಾಟು ತೊಡಕಾಗಿತ್ತು. 2019ರ ನವೆಂಬರಿನಲ್ಲಿ ಜಾರಿಗೆ ಬಂದ ತಿದ್ದುಪಡಿ, ಮೊದಲ ಅನುಬಂಧದಲ್ಲಿರುವ ಬ್ರೆಜಿಲ್ ಬೀಟೆಯ ಹೊರತು, ಸಿದ್ಧ ಸಂಗೀತ ವಾದ್ಯಗಳಿಗೆ ವಿನಾಯಿತಿ ಕೊಟ್ಟಿತು. ಮರದ ಹೆಸರು, ಚಿಪ್ಪಿನ ಜಾತಿ, ತಯಾರಿಯ ವಿವರಗಳಿರುವ ಒಂದು ಹಾಳೆಯನ್ನು ಮಾತ್ರ ಪೆಟ್ಟಿಗೆಯಲ್ಲಿ ಇರಿಸಲು ಹೇಳಿದೆ.

ಮೊದಲ ಚಳಿಗಾಲದ ನಡುವೆ ಒಡತಿಯು, ನಾನು ಕೇಳಿಕೊಂಡಂತೆ, ಮೇಜುದೀಪವನ್ನು ಪಕ್ಕದಿಂದ ಓರೆಯಾಗಿ ಬೀಳಿಸಿ ತೆಗೆದ ಚಿತ್ರಗಳನ್ನು ಕಳುಹಿಸಿದಳು. ಎದುರಿನಿಂದ ನೋಡಿದರೆ ಮುಖ ಕನ್ನಡಿಯಂತೆಯೇ ಇತ್ತು, ಬಿರುಕಿರಲಿಲ್ಲ, ಹನಿಸಿದ ಎಪಾಕ್ಸಿಯ ಎರಡು ಎಲೆಗಳನ್ನು ಉಳಿದವುಗಳಿಂದ ಬೇರ್ಪಡಿಸಿ ಗುರುತಿಸಲಾಗಲಿಲ್ಲ. ಓರೆ ಬೆಳಕಿನಲ್ಲಿ ಮಾತ್ರ ಮೂರೂ ಹೂಗಳ ಸುತ್ತ ಕೂದಲೆಳೆಯಷ್ಟು ಸಣ್ಣ ಏರಿನ ಗೆರೆ ಕಾಣುತ್ತಿತ್ತು. ಇದು ನಿರೀಕ್ಷಿತವೇ. ಹೂವಿನ ದಪ್ಪದಷ್ಟು, ಅಂದರೆ ಸುಮಾರು 0.9 ಮಿಲಿಮೀಟರ್ ಆಳದ ಅಕ್ಕಪಕ್ಕದ ಮರ ಶೇಕಡ ಒಂದರಷ್ಟು ಕುಗ್ಗಿದರೂ ಚಿಪ್ಪು ಒಂಬತ್ತು ಮೈಕ್ರಾನಿನಷ್ಟು ಮೇಲೆ ನಿಲ್ಲುತ್ತದೆ. ಫ್ರೆಂಚ್ ಪಾಲಿಶಿನ ಇಡೀ ಪದರವೇ ಕೆಲವು ಹತ್ತು ಮೈಕ್ರಾನು ದಪ್ಪವಿರುವಾಗ ಆ ಏರು ಓರೆ ಬೆಳಕಿಗೆ ಸಿಕ್ಕೇ ಸಿಗುತ್ತದೆ. ಎಲೆಗಳ ಸುತ್ತಲೂ ಅಂಥ ಏರು ಇದ್ದಿರಲೇಬೇಕು. ಪಾವಾದ ಚಿತ್ತಾರದ ಗದ್ದಲದಲ್ಲಿ ಅದು ಚಿತ್ರದಲ್ಲಿ ಕಾಣಲಿಲ್ಲ.

ಈಗಲೇ ಅಲ್ಲಿನ ಯಾರಾದರೂ ಕುಶಲಕರ್ಮಿಯಿಂದ ಅದನ್ನು ಉಜ್ಜಿ ಸಮಮಾಡಿಸಬೇಕೇ ಎಂದು ಅವಳು ಕೇಳಿದ್ದಳು. ಬೇಡವೆಂದು ಬರೆದೆ. ಮರ ಅತಿ ಒಣಗಿರುವಾಗ ಸಮಮಾಡಿದರೆ, ಬೇಸಿಗೆಯಲ್ಲಿ ತೇವ ಮರಳಿದಾಗ ಮರ ಹಿಗ್ಗಿ ಹೂಗಳು ತಗ್ಗಿನಲ್ಲಿ ಉಳಿಯುತ್ತವೆ, ಚಿಪ್ಪಿನ ದಪ್ಪವೂ ವೃಥಾ ಕಳೆಯುತ್ತದೆ. ಪೆಟ್ಟಿಗೆಯ ಒಳಗಿನ ಆರ್ದ್ರತೆಯನ್ನು ಶೇಕಡ 45ರ ಹತ್ತಿರ ಇರಿಸುವ ಸಣ್ಣ ಸಾಧನವೊಂದನ್ನು ಅದರೊಳಗೆ ಇಡುವಂತೆಯೂ, ಒಂದು ಪೂರ್ತಿ ವರ್ಷದ ಋತುಚಕ್ರ ಮುಗಿದ ಮೇಲೆ, ಬೇಸಿಗೆಯ ಕೊನೆಯಲ್ಲಿ, ಅದೇ ದೀಪವನ್ನು ಅದೇ ಕೋನದಲ್ಲಿ ಹಿಡಿದು ಮತ್ತೆ ಚಿತ್ರ ತೆಗೆಯುವಂತೆಯೂ ತಿಳಿಸಿದೆ. ಆಗಲೂ ಏರು ಉಳಿದಿದ್ದರೆ ಅದು ಎಪಾಕ್ಸಿಯ ಕುಗ್ಗುವಿಕೆಯಿಂದ ಆದದ್ದೆಂದು ತಿಳಿದು, ಚಿಪ್ಪನ್ನು ಮುಟ್ಟದೆ, ತೆಳು ಅರಗಿನ ಕೆಲವು ಸವರಿಕೆಗಳಿಂದ ಮರದ ಕಡೆಯನ್ನು ಮೇಲೆತ್ತಿದರೆ ಸಾಕು.